ಚಕ್ರಗಳ ಮೇಲಣ ಗುಡಿಸಲು

ಬಸವನಹುಳು ತನ್ನ ಮನೆಯನ್ನು ಬೆನ್ನಮೇಲೆ ಹೊತ್ತು ನಡೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮೋಟಾರು ಗಾಡಿ ಬಳಕೆಗೆ ಬಂದಾಗಿನಿಂದ ಮನುಷ್ಯನಿಗೂ ಇದೇ ಹಂಬಲ ಹತ್ತಿದೆ. ಅಮೆರಿಕದ ನ್ಯಾಷ್ ಕಂಪೆನಿಯವರು 1936ರಲ್ಲಿಯೇ ಆಸನಗಳನ್ನು ಮಡಿಸಿ ಹಾಸಿಗೆ ಮಾಡಿಕೊಳ್ಳಬಹುದಾದ ಕಾರನ್ನು ಮಾರಾಟಕ್ಕೆ ತಂದರು. ಆದರೆ ನಮ್ಮ ಕುತೂಹಲವನ್ನು ಹೆಚ್ಚಾಗಿ ಕೆರಳಿಸುವವರು ಕಾರ್ಖಾನೆಯವರಲ್ಲ. ಗರಗಸ ಸುತ್ತಿಗೆಗಳನ್ನು ಹಿಡಿದು, ಇದ್ದ ಗಾಡಿಯನ್ನೇ ಮನೆಯಾಗಿ ಮಾರ್ಪಡಿಸಿಕೊಂಡ ಸಾಮಾನ್ಯ ಜನರು.

ಹಿಂದಿನ ಪೂರ್ವ ಜರ್ಮನಿಯಲ್ಲಿ ಟ್ರಬಾಂಟ್ ಎಂಬ ಪುಟ್ಟ ಕಾರೊಂದಿತ್ತು. 1964ರಲ್ಲಿ ಬಂದ ಅದರ 601ನೆಯ ಮಾದರಿಯ ಎರಡು ಹೊಡೆತದ ಎಂಜಿನಿನ ಬಲ 26 ಅಶ್ವಶಕ್ತಿಯನ್ನು ಮೀರಲಿಲ್ಲ. ಹೊರಮೈಯ ಹಲಗೆಗಳಾದರೋ ಹತ್ತಿಯ ತ್ಯಾಜ್ಯವನ್ನೂ ಫೀನಾಲು ರಾಳವನ್ನೂ ಸೇರಿಸಿ ಒತ್ತಿದುವು. ಅದರೊಳಗೆ ಇಬ್ಬರು ಕಾಲು ಚಾಚಿ ಮಲಗುವ ಮಾತೇ ಇರಲಿಲ್ಲ. ಒಳಗೆ ಸ್ಥಳವಿಲ್ಲದಿದ್ದರೆ ಮೇಲೇಕೆ ಮಲಗಬಾರದು? ಸ್ಯಾಕ್ಸನಿ ಸೀಮೆಯ ಗೆರ್‌ಹಾರ್ಡ್ ಮ್ಯೂಲರ್ ಎಂಬವರು 1970ರ ದಶಕದಲ್ಲಿ ಈ ಕಾರಿನ ಛಾವಣಿಯ ಮೇಲೆ ಬಿಚ್ಚಿ ಹರಡಬಹುದಾದ ಡೇರೆಯೊಂದನ್ನು ರಚಿಸಿದರು.

ಅಷ್ಟು ಹಗುರವಾದ ಕಾರು ನೆತ್ತಿಯ ಮೇಲೆ ಇಬ್ಬರನ್ನು ಹೊತ್ತೀತೆ ಎಂದು ವಾಚಕರು ಕೇಳಬಹುದು. ನಿಂತ ಕಾರು ತಾಳುವ ಭಾರವನ್ನು ಓಡುವ ಕಾರು ತಾಳದು. ಓಡುವಾಗ ತಿರುವಿನಲ್ಲಿ ಮೇಲಿನ ಭಾರ ಗಾಡಿಯನ್ನು ಹೊರಮಗ್ಗುಲಿಗೆ ಮಗುಚಲು ನೋಡುತ್ತದೆ. ಗುಂಡಿಯಲ್ಲಿ ಇಳಿದೆದ್ದಾಗ ಅದರ ಹೊಡೆತ ಹಲವು ಮಡಿಯಾಗುತ್ತದೆ. ನಿದ್ರಿಸುವವರಿಂದ ಈ ಉಪದ್ರವಗಳಿಲ್ಲ. ಹಗಲು ಛಾವಣಿ ಹೊರಬೇಕಾದುದು ಮಡಿಸಿಟ್ಟ ಡೇರೆಯನ್ನು ಮಾತ್ರ.

ಜಪಾನಿನವರು ಈ ವಿದ್ಯೆಯನ್ನು ಇನ್ನೂ ಸೂಕ್ಷ್ಮವಾಗಿ ಸಾಧಿಸಿದ್ದಾರೆ. ಅಲ್ಲಿ ‘ಕೇ’ ಎಂಬ ವರ್ಗದ ಕಿರುಗಾಡಿಗಳುಂಟು. ಉದ್ದ 3.40 ಮೀಟರು, ಅಗಲ 1.48 ಮೀಟರು, ಎಂಜಿನು 660 ಘನ ಸೆಂಟಿಮೀಟರು, ಇವನ್ನು ಮೀರುವಂತಿಲ್ಲ. (1984ರಿಂದ ನಮ್ಮ ರಸ್ತೆಗಳಲ್ಲಿ ಕಾಣಿಸಿಕೊಂಡ ಮಾರುತಿ ವ್ಯಾನು ಇದೇ ಕುಲದ ಸುಜುಕಿ ಗಾಡಿಯೊಂದರಿಂದ ಹುಟ್ಟಿದುದು.) ಈ ವರ್ಗದ ಪುಟ್ಟ ಲಾರಿಯ ಮೇಲೆ ಕೆಲವರು ತಾವೇ ಮರದ ಗುಡಿಸಲನ್ನು ಕಟ್ಟಿ ಕೂರಿಸುತ್ತಾರೆ. ಅದನ್ನು ಗಾಡಿಗೆ ಶಾಶ್ವತವಾಗಿ ಜೋಡಿಸದೆ ಪಟ್ಟಿಗಳಿಂದ ಬಿಗಿದಿದ್ದರೆ, ಕಾನೂನಿನ ಕಣ್ಣಿಗೆ ಅದು ಮನೆಯಲ್ಲ, ಸರಕು! ಆದರೆ ಸರಕಿಗೂ ಮಿತಿಯುಂಟು: ತೂಕ 350 ಕಿಲೋಗ್ರಾಮು, ನೆಲದಿಂದ ಎತ್ತರ 2.5 ಮೀಟರು.

ಲೆಕ್ಕ ಹಾಕಿ ನೋಡೋಣ. ಅಂತಹ ಗುಡಿಸಲಿನ ಗೋಡೆ, ನೆಲ, ಮಾಡು ಎಲ್ಲ ಸೇರಿ ಸುಮಾರು 17 ಚದರ ಮೀಟರು. 12 ಮಿಲಿಮೀಟರು ದಪ್ಪದ ಪ್ಲೈವುಡ್ಡನ್ನು ಬಳಸಿದರೆ ಚದರ ಮೀಟರಿಗೆ 7 ಕಿಲೋಗ್ರಾಮಿನಂತೆ ಹಲಗೆಯೇ 120 ಕಿಲೋಗ್ರಾಮಿನಷ್ಟಾಯಿತು. ಚೌಕಟ್ಟು, ಹಾಸಿಗೆ, ಬ್ಯಾಟರಿ, 20 ಲೀಟರು ನೀರು ಇನ್ನೂ ಬರಬೇಕು. 4 ಮಿಲಿಮೀಟರಿನ ಹಲಗೆಯಾದರೆ 40 ಕಿಲೋಗ್ರಾಮು ಸಾಕು. ಜಾಣರು ಅಂತಹ ಎರಡು ತೆಳುಹಲಗೆಗಳ ನಡುವೆ ನೊರೆಪ್ಲಾಸ್ಟಿಕ್ಕನ್ನು ತುಂಬಿ, ಬಲವನ್ನೂ ಚಳಿಯಿಂದ ರಕ್ಷಣೆಯನ್ನೂ ಒಟ್ಟಿಗೆ ಪಡೆಯುತ್ತಾರೆ.

ಇದೆಲ್ಲ ಹವ್ಯಾಸಿಗಳ ವಿನೋದವೆಂದು ತಳ್ಳಿಹಾಕುವಂತಿಲ್ಲ. 2004ರ ಅಕ್ಟೋಬರಿನಲ್ಲಿ ಜಪಾನಿನ ನೀಗಾತ ಸೀಮೆಯಲ್ಲಿ ಭೂಕಂಪವಾದಾಗ ಬಹಳ ಮಂದಿ ಮನೆಯೊಳಗೆ ಹೋಗಲು ಅಂಜಿ ಕಾರುಗಳಲ್ಲಿಯೇ ರಾತ್ರಿಗಳನ್ನು ಕಳೆದರು. ಅವರಲ್ಲಿ ಕೆಲವರು ಭೂಕಂಪದಿಂದಲ್ಲ, ಕುಳಿತು ನಿದ್ರಿಸಿದುದರಿಂದ ಸತ್ತರು. ಮೊಣಕಾಲು ಮಡಿಸಿ ಗಂಟೆಗಟ್ಟಲೆ ಅಲುಗದಿದ್ದರೆ ಕಾಲಿನ ಆಳದ ಅಭಿಧಮನಿಗಳಲ್ಲಿ ರಕ್ತ ಮಂದವಾಗಿ ಹರಿದು ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿದರೆ ಪ್ರಾಣಕ್ಕೇ ಅಪಾಯ. 2016ರ ಕುಮಾಮೊತೊ ಭೂಕಂಪದಲ್ಲಿಯೂ ಇಂತಹ ಪ್ರಕರಣಗಳು ಕಂಡುಬಂದುವು. ಗಾಡಿಯನ್ನು ಮನೆಮಾಡುವವನು ಮೊದಲು ಸಮತಟ್ಟಾದ ಹಲಗೆಯನ್ನು ಹಾಸುವುದು ಸುಖಕ್ಕಾಗಿ ಮಾತ್ರವಲ್ಲ.

ಇನ್ನು ಉಸಿರಿನ ವಿಚಾರ. ಮಲಗಿದ ಮನುಷ್ಯನ ಉಸಿರು ಮತ್ತು ಚರ್ಮಗಳಿಂದ ಗಂಟೆಗೆ ಸುಮಾರು 40 ಗ್ರಾಮು ನೀರು ಆವಿಯಾಗಿ ಹೊರಡುತ್ತದೆ. ಸಣ್ಣ ಕಾರಿನೊಳಗಿನ ಗಾಳಿ ಸುಮಾರು 3 ಘನ ಮೀಟರು. 10 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದು ಹಿಡಿದಿಡಬಲ್ಲ ನೀರಾವಿ 28 ಗ್ರಾಮು ಮಾತ್ರ. ಉಳಿದುದೆಲ್ಲ ತಣ್ಣನೆಯ ಗಾಜಿನ ಮೇಲೂ ತಗಡಿನ ಮೇಲೂ ಹನಿಯಾಗಿ ಇಳಿಯುತ್ತದೆ. ಬೆಳಿಗ್ಗೆ ಹೊದಿಕೆ ಏಕೆ ತೊಯ್ದಿದೆ ಎಂದು ಬೆರಗಾಗುವವರು ಮಳೆಯನ್ನು ಬಯ್ಯಬೇಕಾಗಿಲ್ಲ. ಕಿಟಕಿಗಳನ್ನು ಎರಡು ಬೆರಳಿನಷ್ಟು ತೆರೆದಿಟ್ಟರೆ ತೇವವೂ ಹೋಗುತ್ತದೆ, ಇಂಗಾಲದ ಡೈಆಕ್ಸೈಡೂ ಹೋಗುತ್ತದೆ.

ಆದರೆ ಒಳಗೆ ಒಲೆ ಹಚ್ಚಿದವನಿಗೆ ಆ ಎರಡು ಬೆರಳಿನ ಸಂದು ಸಾಲದು. ಉರಿ ಪೂರ್ಣವಾಗದಿದ್ದರೆ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿನೊಡನೆ ಸೇರುವ ಒಲವು ಮಾತ್ರ ಅದಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು. ಅದರ ಮೊದಲ ಲಕ್ಷಣಗಳಾದ ತಲೆನೋವು ಮಂಪರುಗಳನ್ನು ಮಲಗಿದವನು ಅರಿಯುವುದಾದರೂ ಹೇಗೆ? ಹಿಮ ಬೀಳುವ ರಾತ್ರಿ ಬೆಚ್ಚಗಿರಲೆಂದು ಎಂಜಿನನ್ನು ನಡೆಸುತ್ತ ಮಲಗಿದರೆ ಅಪಾಯ ಇಮ್ಮಡಿಸುತ್ತದೆ: ಹಿಮ ಹೊಗೆಕೊಳವೆಯ ಬಾಯನ್ನು ಮುಚ್ಚುತ್ತದೆ, ಹೊಗೆ ಗಾಡಿಯ ಅಡಿಯಿಂದ ಒಳಗೆ ನುಸುಳುತ್ತದೆ. ಬಲ್ಲವರು ಎಂಜಿನನ್ನು ನಿಲ್ಲಿಸಿ, ಒಲೆಯನ್ನು ಹೊರಗಿಟ್ಟು, ದಪ್ಪನೆಯ ರಜಾಯಿಯನ್ನು ಹೊದೆದು ಮಲಗುತ್ತಾರೆ.