ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ

ಕಾವೇರಿಯ ಗಡಿಯಲ್ಲಿ ಜನತೆ ಮಾಡತಕ್ಕ ಶಾಂತಿಕಾರ್ಯ

ಮೈಸೂರು ನಗರದ ವಾಯವ್ಯ ದಿಕ್ಕಿನಲ್ಲಿ, ಹೆಬ್ಬಾಳು ಮೇಟಗಳ್ಳಿಗಳ ಕೈಗಾರಿಕಾ ಪ್ರದೇಶದ ಮಗ್ಗುಲಿಗೆ ಇರುವ ಕುಂಬಾರಕೊಪ್ಪಲು ತನ್ನ ಹೆಸರಿನಲ್ಲಿಯೇ ಒಂದು ಕಸುಬಿನ ನೆನಪನ್ನು ಉಳಿಸಿಕೊಂಡಿದೆ. ಆ ಕಸುಬಿನಿಂದ ನಮ್ಮ ನುಡಿಗೆ ಬಂದ ಗಾದೆಯೊಂದನ್ನು ಅರಿಯದ ಕನ್ನಡಿಗನಿಲ್ಲ: ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೆರೆಹೊರೆಯ ವಿಶ್ವಾಸವೂ ಮಡಕೆಯಂತಹುದೇ. ಅದನ್ನು ತಿದ್ದಿ ತೀಡಿ ಸುಟ್ಟು ಗಟ್ಟಿಮಾಡಲು ತಲೆಮಾರುಗಳು ಬೇಕು. ಒಡೆಯಲು ಒಂದು ಮಧ್ಯಾಹ್ನ ಸಾಕು. ಕಾವೇರಿಯ ಜಲಾನಯನದಲ್ಲಿ ಈ ಮಾತು ಎಷ್ಟು ನಿಜವೆಂಬುದನ್ನು ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಗಳ ಜನರು ಒಂದಕ್ಕಿಂತ ಹೆಚ್ಚು ಸಲ ಕಣ್ಣಾರೆ ಕಂಡಿದ್ದಾರೆ.

ಮಳೆ ಸಕಾಲದಲ್ಲಿ ಬಂದ ವರ್ಷಗಳಲ್ಲಿ ಕಾವೇರಿಯ ವಿವಾದವನ್ನು ಯಾರೂ ನೆನೆಯುವುದಿಲ್ಲ. ಕನ್ನಂಬಾಡಿ ತುಂಬುತ್ತದೆ, ಬಾಗಿನ ಅರ್ಪಣೆಯಾಗುತ್ತದೆ, ಮಿಕ್ಕ ನೀರು ಮೆಟ್ಟೂರಿಗೆ ಹರಿದುಹೋಗುತ್ತದೆ. ಮಳೆ ತಪ್ಪಿದ ವರ್ಷ ಮಾತ್ರ ಎರಡೂ ಕಡೆಯವರಿಗೆ ಒಮ್ಮೆಲೇ ಎಚ್ಚರವಾಗುತ್ತದೆ. ಆಗ ಎಚ್ಚರವಾಗುವುದು ವಿವೇಕವಲ್ಲ, ರೋಷ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಈ ಅಭ್ಯಾಸವನ್ನು ನಾವು ಇನ್ನಾದರೂ ಬಿಡಬೇಕೆಂಬುದೇ ಇಂದಿನ ಈ ಬರೆಹದ ಉದ್ದೇಶ.

ಹಕ್ಕಿನ ಮಾತು

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಕಾವೇರಿಯ ನೀರಿನಲ್ಲಿ ಕರ್ನಾಟಕಕ್ಕೆ ನ್ಯಾಯವಾಗಿ ಸಲ್ಲತಕ್ಕ ಪಾಲನ್ನು ಬಿಟ್ಟುಕೊಡಿರೆಂದು ನಾವು ಹೇಳುವವರಲ್ಲ. ೧೮೯೨ರ ಮತ್ತು ೧೯೨೪ರ ಒಪ್ಪಂದಗಳು ಬ್ರಿಟಿಷರ ನೇರ ಆಳ್ವಿಕೆಯ ಮದರಾಸು ಪ್ರಾಂತ್ಯಕ್ಕೂ ಅವರ ಅಧೀನದ ಮೈಸೂರು ಸಂಸ್ಥಾನಕ್ಕೂ ಆದವು. ಅವು ಸರಿಸಮಾನರ ಒಪ್ಪಂದಗಳಾಗಿರಲಿಲ್ಲವೆಂಬ ಕನ್ನಡಿಗರ ಅಳಲಿಗೆ ಆಧಾರವಿದೆ. ಆದರೆ ಆ ವಾದವನ್ನು ಹೂಡಬೇಕಾದ ಸ್ಥಳದಲ್ಲಿ ಹೂಡಿ ಆಗಿದೆ. ೧೯೯೦ರಲ್ಲಿ ನೇಮಕವಾದ ನ್ಯಾಯಾಧಿಕರಣವು ೨೦೦೭ನೆಯ ಫೆಬ್ರವರಿ ೫ರಂದು ಕೊಟ್ಟ ತೀರ್ಪಿನಲ್ಲಿ ತಮಿಳುನಾಡಿಗೆ ೪೧೯, ಕರ್ನಾಟಕಕ್ಕೆ ೨೭೦, ಕೇರಳಕ್ಕೆ ೩೦, ಪುದುಚೇರಿಗೆ ೭ ಟಿ.ಎಂ.ಸಿ. ಎಂದು ಹಂಚಿತು. ೨೦೧೮ನೆಯ ಫೆಬ್ರವರಿ ೧೬ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು ೨೮೪.೭೫ಕ್ಕೆ ಏರಿಸಿ, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಸತಕ್ಕ ನೀರನ್ನು ೧೯೨ರಿಂದ ೧೭೭.೨೫ಕ್ಕೆ ಇಳಿಸಿತು. ಅದೇ ವರ್ಷ ಕಾವೇರಿ ಜಲ ನಿರ್ವಹಣಾ ಪ್ರಾಧಿಕಾರವೂ ಸ್ಥಾಪಿತವಾಯಿತು.

ಇಷ್ಟಾದರೂ ಜಗಳ ಮುಗಿಯಲಿಲ್ಲವೇಕೆ? ಮಳೆ ಕಡಮೆಯಾದ ವರ್ಷದಲ್ಲಿ ಆಯಾ ರಾಜ್ಯದ ಪಾಲನ್ನು ಅದೇ ಪ್ರಮಾಣದಲ್ಲಿ ಕಡಮೆ ಮಾಡತಕ್ಕದ್ದೆಂದು ತೀರ್ಪು ಹೇಳುತ್ತದೆ. ಕಾಗದದ ಮೇಲೆ ಇದು ಸರಳವಾದ ತ್ರೈರಾಶಿಕ. ಆದರೆ ಆಗಸ್ಟ್ ತಿಂಗಳಿನಲ್ಲಿ ನಿಂತು, ವರ್ಷದ ಕೊನೆಗೆ ಮಳೆ ಎಷ್ಟಾದೀತೆಂದು ಹೇಳಬಲ್ಲವರು ಯಾರು? ಕೊಡಗಿನಲ್ಲಿ ನೈರುತ್ಯ ಮಾರುತ ಕೈಕೊಟ್ಟಿರುತ್ತದೆ. ತಂಜಾವೂರಿನ ಕಡೆಗೆ ಈಶಾನ್ಯ ಮಾರುತ ಬರಲು ಅಕ್ಟೋಬರ್ ಆಗಬೇಕು. ಜೂನ್ ೧೨ರಂದು ಮೆಟ್ಟೂರಿನ ಬಾಗಿಲು ತೆರೆಯುವುದು ಅಲ್ಲಿಯ ಹಳೆಯ ವಾಡಿಕೆ. ಆ ನೀರನ್ನು ನಂಬಿದ ಕುರುವೈ ಬೆಳೆ ಅತ್ತ, ಮಂಡ್ಯದ ಭತ್ತ ಕಬ್ಬುಗಳು ಇತ್ತ, ಎರಡೂ ಒಂದೇ ಕಾಲಕ್ಕೆ ಬಾಯಾರುತ್ತವೆ. ೨೦೦೨, ೨೦೧೨, ೨೦೧೬, ೨೦೨೩, ಈ ನಾಲ್ಕು ವರ್ಷಗಳಲ್ಲಿಯೂ ಸೆಪ್ಟೆಂಬರಿನಲ್ಲಿಯೇ ಕಲಹ ಕಾವೇರಿತೆಂಬುದು ಆಕಸ್ಮಿಕವಲ್ಲ. ಬರುವ ತಿಂಗಳು ಗೊತ್ತಿರುವ ಅನಾಹುತವನ್ನು ಮುಂಚಿತವಾಗಿ ತಡೆಯದಿರುವುದು ದುರದೃಷ್ಟವಲ್ಲ, ಅಲಕ್ಷ್ಯ.

ಪೆಟ್ಟು ಬಿದ್ದದ್ದು ಯಾರಿಗೆ?

೧೯೯೧ನೆಯ ಜೂನ್ ೨೫ರಂದು ನ್ಯಾಯಾಧಿಕರಣವು ೨೦೫ ಟಿ.ಎಂ.ಸಿ. ನೀರನ್ನು ಬಿಡಬೇಕೆಂದು ಮಧ್ಯಂತರ ಆಜ್ಞೆ ಮಾಡಿತು. ಆ ಆಜ್ಞೆ ಡಿಸೆಂಬರಿನಲ್ಲಿ ಕೇಂದ್ರ ಸರಕಾರದ ಗೆಜೆಟ್ಟಿನಲ್ಲಿ ಪ್ರಕಟವಾದ ಬೆನ್ನಿಗೆ ಬೆಂಗಳೂರಿನಲ್ಲಿ ಹೊತ್ತಿದ ಉರಿ ಮೈಸೂರಿನ ಕಡೆಗೂ ಹಬ್ಬಿತು. ಹಲವರು ಪ್ರಾಣ ಕಳೆದುಕೊಂಡರು. ಸಾವಿರಾರು ತಮಿಳು ಕುಟುಂಬಗಳು, ತಲೆಮಾರುಗಳಿಂದ ಇಲ್ಲಿ ಬದುಕಿದ್ದವರೂ ಸೇರಿ, ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡು ಗಡಿ ದಾಟಿದವು. ಆ ಕೂಲಿಗಾರರು ಯಾರೂ ಆಜ್ಞೆ ಬರೆದವರಲ್ಲ. ಅವರು ಕುಡಿಯುತ್ತಿದ್ದುದೂ ನಾವು ಕುಡಿಯುವ ನೀರನ್ನೇ. ಅವರ ಗುಡಿಸಲು ಸುಟ್ಟದ್ದರಿಂದ ಕನ್ನಂಬಾಡಿಗೆ ಒಂದು ಅಂಗುಲ ನೀರೂ ಹೆಚ್ಚಾಗಲಿಲ್ಲ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ, ಎರಡು ಸರಕಾರಗಳ ವ್ಯಾಜ್ಯದಲ್ಲಿ ಬಡವನ ಬೆನ್ನು ಮುರಿಯಿತು.

೨೦೧೬ರ ಸೆಪ್ಟೆಂಬರಿನ ಘಟನೆಗಳು ಇನ್ನೂ ಹೆಚ್ಚಿನ ಪಾಠವನ್ನು ಹೇಳುತ್ತವೆ. ಸೆಪ್ಟೆಂಬರ್ ೫ರಂದು ಸರ್ವೋಚ್ಚ ನ್ಯಾಯಾಲಯವು ಹತ್ತು ದಿನಗಳ ಕಾಲ ದಿನಕ್ಕೆ ೧೫,೦೦೦ ಕ್ಯೂಸೆಕ್ಕಿನಂತೆ ನೀರು ಹರಿಸಲು ಆಜ್ಞಾಪಿಸಿತು. ಕೆಲವು ದಿನಗಳಲ್ಲಿ ಬೆಂಗಳೂರಿನಲ್ಲಿ ತಮಿಳು ವಿದ್ಯಾರ್ಥಿಯೊಬ್ಬನನ್ನು ಹೊಡೆದ ಚಿತ್ರ ಮೊಬೈಲುಗಳಲ್ಲಿ ಹರಿದಾಡಿತು. ಅದಕ್ಕೆ ಪ್ರತೀಕಾರವಾಗಿ ಚೆನ್ನೈಯಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ದಾಳಿಯಾಯಿತು; ರಾಮೇಶ್ವರದಲ್ಲಿ ಕರ್ನಾಟಕದ ಚಾಲಕರಿಗೆ ಏಟು ಬಿತ್ತು. ಆ ಚಿತ್ರಗಳು ಇತ್ತ ತಲಪಿದ ಕೂಡಲೇ, ೧೨ನೆಯ ತಾರೀಖು ಬೆಂಗಳೂರಿನಲ್ಲಿ ಒಂದೇ ಖಾಸಗಿ ಸಂಸ್ಥೆಯ ಮೂವತ್ತಕ್ಕೂ ಮಿಕ್ಕ ಬಸ್ಸುಗಳು ಸುಟ್ಟು ಬೂದಿಯಾದವು. ಪೊಲೀಸರ ಗುಂಡಿಗೆ ಜೀವಹಾನಿಯೂ ಆಯಿತು. ಏಟಿಗೆ ಏಟು, ಚಿತ್ರಕ್ಕೆ ಚಿತ್ರ. ಈ ಸರಪಳಿಯ ಯಾವ ಕೊಂಡಿಯಲ್ಲಿಯೂ ನೀರಿನ ಸುದ್ದಿಯೇ ಇರಲಿಲ್ಲ. ಮೊದಲನೆಯ ಕೊಂಡಿಯಲ್ಲಿಯೇ ಎರಡೂ ಊರುಗಳ ನಾಲ್ಕು ಮಂದಿ ಗಣ್ಯರು ಮಾತಾಡಿಕೊಂಡು, ತಪ್ಪನ್ನು ಖಂಡಿಸಿ, ಸತ್ಯವನ್ನು ಸಾರಿದ್ದರೆ ಉಳಿದ ಕೊಂಡಿಗಳು ಹುಟ್ಟುತ್ತಿದ್ದವೇ ಎಂದು ವಾಚಕರು ಆಲೋಚಿಸಲಿ.

ಕಾವೇರಿ ಕುಟುಂಬ

ಹೀಗೆ ಮಾತಾಡಿಕೊಳ್ಳುವುದು ಕನಸಲ್ಲ. ಒಮ್ಮೆ ನಡೆದುಹೋದ ಸಂಗತಿ. ೨೦೦೨ರ ಬರಗಾಲದಲ್ಲಿ ಉಭಯ ರಾಜ್ಯಗಳ ಸಂಬಂಧ ತೀರ ಕೆಟ್ಟಿತ್ತು. ನೀರು ಬಿಡುವುದನ್ನು ಪ್ರತಿಭಟಿಸಿ ಕಬಿನಿ ಜಲಾಶಯಕ್ಕೆ ಹಾರಿದ ರೈತನೊಬ್ಬನು ಪ್ರಾಣ ಬಿಟ್ಟಿದ್ದನು. ಅಂತಹ ಗಳಿಗೆಯ ಮಗ್ಗುಲಿನಲ್ಲಿಯೇ, ೨೦೦೩ನೆಯ ಏಪ್ರಿಲಿನಲ್ಲಿ, ಮದರಾಸು ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರೊಫೆಸರ್ ಎಸ್. ಜನಕರಾಜನ್ ಅವರ ಪ್ರಯತ್ನದಿಂದ ಎರಡೂ ರಾಜ್ಯಗಳ ರೈತರು ಚೆನ್ನೈಯಲ್ಲಿ ಒಂದೇ ಸಭೆಯಲ್ಲಿ ಕುಳಿತರು. ಅಲ್ಲಿ ಹುಟ್ಟಿದ ಸಮಿತಿಗೆ ಬಂದ ಹೆಸರು ‘ಕಾವೇರಿ ಕುಟುಂಬ’.

ಅದರಲ್ಲಿ ಯಾರು ಯಾರಿದ್ದರೆಂಬುದನ್ನು ಗಮನಿಸಬೇಕು. ಆ ಕಡೆಯಲ್ಲಿ ಮನ್ನಾರ್‌ಗುಡಿಯ ಎಸ್. ರಂಗನಾಥನ್, ೧೯೮೩ರಲ್ಲಿ ಮುಖಜಭೂಮಿಯ ರೈತಸಂಘದ ಪರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ನ್ಯಾಯಾಧಿಕರಣದ ಸ್ಥಾಪನೆಗೆ ಕಾರಣರಾದವರು. ಈ ಕಡೆಯಲ್ಲಿ ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ. ಎಸ್. ಪುಟ್ಟಣ್ಣಯ್ಯ, ರಾಜ್ಯ ರೈತ ಸಂಘದ ಮುಂದಾಳು, ಮಂಡ್ಯದ ಬೀದಿಗಳಲ್ಲಿ ಚಳವಳಿಯ ದನಿ. ಇವರಿಬ್ಬರೂ ತಮ್ಮ ತಮ್ಮ ಕಡೆಯ ವಾದವನ್ನು ಬಿಟ್ಟುಕೊಟ್ಟ ಮೆದು ಮನುಷ್ಯರಲ್ಲ. ಅಂಥವರೇ ಎದುರುಬದುರಾಗಿ ಕುಳಿತುದರಿಂದ ಆ ಸಭೆಗೆ ತೂಕ ಬಂದಿತು.

ಮುಂದಿನ ಸಭೆಗಳು ಸರದಿಯಂತೆ ಇತ್ತಲೂ ಅತ್ತಲೂ ನಡೆದವು. ತಮಿಳು ರೈತರು ಮಂಡ್ಯದ ನಾಲೆಗಳನ್ನೂ ಜಲಾಶಯದ ಮಟ್ಟವನ್ನೂ ಸ್ವತಃ ನೋಡಿದರು. ನಮ್ಮ ರೈತರು ಕಾವೇರಿಯ ಮುಖಜಭೂಮಿಯಲ್ಲಿ ನಾಲೆಯ ತುದಿಯ ಹೊಲಗಳನ್ನು ಕಂಡರು. ಕರ್ನಾಟಕದವರು ನೀರನ್ನು ಬಚ್ಚಿಟ್ಟುಕೊಂಡು ಕುಳಿತಿದ್ದಾರೆಂಬ ನಂಬಿಕೆ ಅತ್ತ, ತಮಿಳರು ಮೂರು ಬೆಳೆಗೆ ನೀರು ಚೆಲ್ಲುತ್ತಾರೆಂಬ ನಂಬಿಕೆ ಇತ್ತ. ಈ ಎರಡನ್ನೂ ಭಾಷಣಗಳು ಬೆಳೆಸಿದ್ದವು. ಎದುರಿಗೆ ಕಂಡ ಒಣ ನೆಲವು ಸಡಿಲಿಸಿತು. ರೈತನ ಕಷ್ಟ ರೈತನಿಗೆ ಅರ್ಥವಾಗಲು ದುಭಾಷಿ ಬೇಕಾಗುವುದಿಲ್ಲ.

ಆ ಕುಟುಂಬದ ಕಾರ್ಯ ಸಂಪೂರ್ಣವಾಗಿ ಫಲಿಸಿತೆಂದು ನಾವು ಹೇಳಲಾರೆವು. ಬರಗಾಲದಲ್ಲಿ ನೀರು ಹಂಚಿಕೊಳ್ಳುವ ಸೂತ್ರವನ್ನು ಕುರಿತು ವರ್ಷಗಳ ಕಾಲ ಚರ್ಚೆಯಾಯಿತು. ಸರಕಾರಗಳು ಸ್ವೀಕರಿಸಿ ನಡೆಯುವಂತಹ ಸೂತ್ರ ಅದರಿಂದ ಹೊರಡಲಿಲ್ಲ. ತೀರ್ಪು, ಮೇಲ್ಮನವಿಗಳ ಗದ್ದಲದಲ್ಲಿ ಅದರ ಧ್ವನಿ ಕ್ಷೀಣಿಸಿತು. ಸರ್ವೋಚ್ಚ ನ್ಯಾಯಾಲಯದ ಅಂತಿಮ ತೀರ್ಪು ಬಂದ ಎರಡನೆಯ ದಿನ, ೨೦೧೮ನೆಯ ಫೆಬ್ರವರಿ ೧೮ರಂದು, ಪುಟ್ಟಣ್ಣಯ್ಯನವರು ತೀರಿಕೊಂಡರು. ಆದರೆ ಆ ಕುಟುಂಬವು ಒಂದು ಸಂಗತಿಯನ್ನು ಸಾಧಿಸಿ ತೋರಿಸಿದೆ: ಪಾಲಿನ ನಿರ್ಣಯ ನ್ಯಾಯಾಲಯದ ಕೆಲಸವಾದರೂ, ನಡವಳಿಕೆಯ ನಿರ್ಣಯ ಜನರ ಕೈಯಲ್ಲಿದೆ.

ಗಡಿಯ ಜನರ ಬಾಳು

ಗಡಿಯಲ್ಲಿ ಬಾಳುವವರಿಗೆ ಈ ತತ್ತ್ವವನ್ನು ಯಾರೂ ಕಲಿಸಬೇಕಾಗಿಲ್ಲ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರಿಗೆ ಸೇರಿತು. ಕನ್ನಡವಾಡುವ ತಾಳವಾಡಿಯ ಸೀಮೆ ತಮಿಳುನಾಡಿನಲ್ಲಿಯೇ ಉಳಿಯಿತು. ಆ ಸೀಮೆಯ ಗುಮಟಾಪುರದಲ್ಲಿ ದೀಪಾವಳಿಯ ಮಾರನೆಯ ದಿನಗಳಲ್ಲಿ ನಡೆಯುವ ಗೊರೆಹಬ್ಬಕ್ಕೆ ಎರಡೂ ರಾಜ್ಯಗಳ ಜನ ಸೇರುತ್ತಾರೆ. ಮಲೆ ಮಹದೇಶ್ವರನ ಜಾತ್ರೆಗೆ ಸೇಲಂ, ಈರೋಡುಗಳ ಕಡೆಯಿಂದ ಬರುವ ಪರಿಸೆಗೆ ಲೆಕ್ಕವಿಲ್ಲ. ೨೦೦೦ನೆಯ ಜುಲೈ ೩೦ರಂದು ಅದೇ ಸೀಮೆಯ ಗಾಜನೂರಿನಿಂದ ನಟ ರಾಜಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದಾಗ, ಅವರು ಬಿಡುಗಡೆಯಾದ ನವೆಂಬರ್ ೧೫ರ ತನಕ ಎರಡೂ ರಾಜ್ಯಗಳ ಎದೆ ಹೊಡೆದುಕೊಳ್ಳುತ್ತಿತ್ತು. ರಾಜಧಾನಿಗಳಲ್ಲಿ ಬಂದ್ ಘೋಷಣೆಯಾದರೆ ಗಡಿಯೂರಿನವನ ತರಕಾರಿ ಕೊಳೆಯುತ್ತದೆ, ಬಸ್ಸು ನಿಲ್ಲುತ್ತದೆ, ರೋಗಿ ಆಸ್ಪತ್ರೆಗೆ ತಲಪುವುದಿಲ್ಲ. ಹೀಗೆ ಮೊದಲು ನೋಯುವವರನ್ನು ಸಂಧಾನದ ಮಾತಿಗೆ ಕೊನೆಯಲ್ಲಿ ಕರೆಯುವುದೂ ಯುಕ್ತವಲ್ಲ.

ಪರದೇಶದ ಒಂದು ಉದಾಹರಣೆಯನ್ನು ಇಲ್ಲಿ ಹೇಳಬಹುದು. ಆಫ್ರಿಕಾ ಖಂಡದ ಕೆನ್ಯಾ ದೇಶದಲ್ಲಿ, ಸೊಮಾಲಿಯಾ ಇಥಿಯೋಪಿಯಾಗಳ ಗಡಿಗೆ ಅಂಟಿದ ವಜೀರ್ ಎಂಬ ಜಿಲ್ಲೆಯಿದೆ. ೧೯೯೦ರ ದಶಕದ ಮೊದಲಲ್ಲಿ ಬರಗಾಲದ ಜೊತೆಗೆ ಕುಲಕಲಹವೂ ಸೇರಿ ಅಲ್ಲಿ ರಕ್ತಪಾತವಾಗುತ್ತಿತ್ತು. ಶಾಂತಿಯ ಕೆಲಸವನ್ನು ಆರಂಭಿಸಿದವರು ಸಂತೆಗೆ ಬರುವ ಹೆಂಗಸರು. ಯಾವ ಕುಲದವಳೇ ಆಗಲಿ, ಸಂತೆಯಲ್ಲಿ ನಿರ್ಭಯವಾಗಿ ಮಾರಿ ಕೊಳ್ಳುವಂತಾಗಬೇಕೆಂಬುದಷ್ಟೇ ಅವರ ಮೊದಲ ಸಂಕಲ್ಪ. ಬಳಿಕ ಹಿರಿಯರೂ ತರುಣರೂ ಕೂಡಿದರು. ೧೯೯೫ರ ಹೊತ್ತಿಗೆ ಜಿಲ್ಲಾಡಳಿತವೂ ಅವರೊಡನೆ ಸೇರಿ ಒಂದು ಸಮಿತಿಯೇ ಆಯಿತು. ಅವರಲ್ಲಿ ಮುಂದಾಳಾಗಿದ್ದ ದೇಖಾ ಇಬ್ರಾಹಿಂ ಅಬ್ದಿ ಎಂಬ ಮಹಿಳೆಗೆ ೨೦೦೭ರಲ್ಲಿ ಅಂತರರಾಷ್ಟ್ರೀಯ ಸನ್ಮಾನವೂ ದೊರೆಯಿತು. ದೊಡ್ಡ ಪ್ರಶ್ನೆ ಬಗೆಹರಿಯುವ ತನಕ ಕಾಯದೆ, ಸಂತೆಯನ್ನು ಮೊದಲು ಸುರಕ್ಷಿತಗೊಳಿಸಿದ್ದರಲ್ಲಿಯೇ ಅವರ ಜಾಣ್ಮೆಯಿತ್ತು.

ಈಗ ಆಗಬೇಕಾದುದು

ಗಣೇಶನ ಹಬ್ಬ, ಬಕ್ರೀದ್ ಸಮೀಪಿಸಿತೆಂದರೆ ನಮ್ಮ ಪೊಲೀಸ್ ಠಾಣೆಗಳಲ್ಲಿ ಶಾಂತಿಸಭೆ ಸೇರಿಸುವ ಪದ್ಧತಿಯಿದೆ. ಮೊಹಲ್ಲದ ಹಿರಿಯರು ಬರುತ್ತಾರೆ, ಮೆರವಣಿಗೆಯ ದಾರಿ, ಹೊತ್ತು ಗೊತ್ತಾಗುತ್ತದೆ, ಒಬ್ಬರ ಮುಖ ಒಬ್ಬರಿಗೆ ಪರಿಚಯವಾಗುತ್ತದೆ. ಹಬ್ಬದ ಪಂಚಾಂಗಕ್ಕೆ ಇರುವ ಈ ಎಚ್ಚರಿಕೆ ಮಳೆಯ ಪಂಚಾಂಗಕ್ಕೂ ಏಕಿರಬಾರದು? ಜುಲೈ ಕೊನೆಗೆ ಜಲಾಶಯದ ಮಟ್ಟ ಕೆಳಗಿದ್ದರೆ ಮೈಸೂರು, ಮಂಡ್ಯ, ಚಾಮರಾಜನಗರಗಳ ಜಿಲ್ಲಾಧಿಕಾರಿಗಳು ರೈತರು, ವರ್ತಕರು, ಲಾರಿ ಮತ್ತು ಬಸ್ಸಿನ ಚಾಲಕರು, ಸ್ತ್ರೀಸಂಘಗಳು, ಇಲ್ಲಿ ನೆಲೆಸಿದ ತಮಿಳು ಬಾಂಧವರು, ಇವರೆಲ್ಲರನ್ನೂ ಕರೆದು ಸಮಿತಿಗಳನ್ನು ರಚಿಸತಕ್ಕದ್ದು. ನಾನಾ ಊರುಗಳಿಂದ ದುಡಿಯಬಂದವರು ನೆಲೆಸಿರುವ ಕುಂಬಾರಕೊಪ್ಪಲಿನಂತಹ ಬಡಾವಣೆಗಳಿಂದಲೇ ಈ ಕಾರ್ಯ ಮೊದಲಾಗಲಿ. ಗಡಿಯಾಚೆಯ ಈರೋಡು, ಸೇಲಂ ಜಿಲ್ಲೆಗಳಲ್ಲಿಯೂ ಇಂತಹುದೇ ಸಮಿತಿಗಳಾಗಿ, ಪರಸ್ಪರ ದೂರವಾಣಿಯ ಸಂಪರ್ಕದಲ್ಲಿರಲಿ.

ಈ ಸಮಿತಿಗಳ ಕೆಲಸ ಮೂರು. ಕನ್ನಂಬಾಡಿ, ಕಬಿನಿ, ಮೆಟ್ಟೂರುಗಳ ನಿತ್ಯದ ಮಟ್ಟವನ್ನು ಎರಡೂ ಭಾಷೆಗಳಲ್ಲಿ ಜನರಿಗೆ ತಿಳಿಸುವುದು. ಹೊಡೆದಾಟದ ಸುದ್ದಿ ಬಂದೊಡನೆ ಆಚೆಯವರನ್ನೇ ಕೇಳಿ ನಿಜವನ್ನು ಸಾರುವುದು. ಗಲಭೆಯ ದಿನ ಪರಭಾಷೆಯ ನೆರೆಯವನ ಬಾಗಿಲಲ್ಲಿ ನಿಲ್ಲುವುದು. ಇದರ ಮೇಲೆ, ಕಾವೇರಿ ಕುಟುಂಬವನ್ನು ಮರಳಿ ಕೂಡಿಸಿ, ಅದರ ಅಭಿಪ್ರಾಯವನ್ನು ಪ್ರಾಧಿಕಾರವು ವರ್ಷಕ್ಕೊಮ್ಮೆಯಾದರೂ ಕೇಳುವಂತಾಗಬೇಕು.

ಹೀಗೆ ಕೂಡಿ ಮಾತಾಡಿದರೆ ನಮ್ಮ ಮೊಕದ್ದಮೆ ದುರ್ಬಲವಾದೀತೆಂದು ಕೆಲವರು ಶಂಕಿಸುವರು. ರೈತರ ಮಾತುಕತೆ ಯಾವ ಸರಕಾರವನ್ನೂ ಕಟ್ಟಿಹಾಕುವುದಿಲ್ಲ. ವಕೀಲರು ತಮ್ಮ ಕೆಲಸವನ್ನು ಮಾಡುತ್ತಲೇ ಇರಬಹುದು. ಸುಟ್ಟ ಬಸ್ಸುಗಳ ಚಿತ್ರಕ್ಕಿಂತ ಹೆಚ್ಚಾಗಿ ಕರ್ನಾಟಕದ ವಾದವನ್ನು ದೇಶದ ಕಣ್ಣಿನಲ್ಲಿ ಹಗುರಮಾಡಿದ್ದು ಯಾವುದೂ ಇಲ್ಲ. ೨೦೨೩ರ ಬರಗಾಲದಲ್ಲಿ ಸೆಪ್ಟೆಂಬರ್ ೨೬ರಂದು ಬೆಂಗಳೂರು ಬಂದ್, ೨೯ರಂದು ಕರ್ನಾಟಕ ಬಂದ್ ನಡೆದರೂ ೧೯೯೧ರ ರಕ್ತಪಾತ ಮರುಕಳಿಸಲಿಲ್ಲ. ಹಕ್ಕಿಗಾಗಿ ಹೋರಾಡುತ್ತಲೇ ಕೈಯನ್ನು ತಡೆದುಕೊಳ್ಳಬಲ್ಲೆವೆಂಬುದಕ್ಕೆ ಅದೇ ಸಾಕ್ಷಿ. ಅಂದಿನ ಸಂಯಮವು ಬಂದೋಬಸ್ತಿನ ಪೊಲೀಸರಿಗೆ ಬಿಟ್ಟ ವಿಷಯವಾಗಿ ಉಳಿಯದೆ, ಜನರೇ ಕಟ್ಟಿಕೊಂಡ ಪದ್ಧತಿಯಾಗಬೇಕು.

ಮತ್ತೊಂದು ಮಳೆ ತಪ್ಪುವ ವರ್ಷ ಬಂದೇ ಬರುವುದು. ಅದು ಬರುವ ಮೊದಲೇ ಈ ಸಮಿತಿಗಳು ಒಮ್ಮೆಯಾದರೂ ಸೇರಿರಲಿ ಎಂಬುದು ನಮ್ಮ ಜಿಲ್ಲಾಧಿಕಾರಿಗಳಲ್ಲಿಯೂ ನಗರದ ಹಿರಿಯರಲ್ಲಿಯೂ ನಮ್ಮ ವಿಜ್ಞಾಪನೆ.