ಉತ್ತರ ಬರೆಯದ ಕಾರ್ಡು

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ನನ್ನ ಹಳೆಯ ಟ್ರಂಕು ತೆಗೆದು ಕೂತಿದ್ದಳು. 1968ರಲ್ಲಿ ಏಳನೇ ತರಗತಿ ಮುಗಿದಾಗ ತೆಗೆಸಿದ್ದ ಗ್ರೂಪ್ ಫೋಟೊ ಸಿಕ್ಕಿತು.

“ಅಜ್ಜ, ತುದಿಯಲ್ಲಿ ನಿಂತಿರೋ ಹುಡುಗ ಯಾರು? ಇವನೊಬ್ಬನೇ ನಗ್ತಿದಾನೆ!”

ನನಗೆ ಗಂಟಲು ಕಟ್ಟಿತು.

ಅವನು ನನ್ನ ಗೆಳೆಯ. ನಮ್ಮದು ಮಲೆನಾಡಿನ ಊರು. ಶಾಲೆಗೆ ಹೋಗಲು ಹಳ್ಳ ದಾಟಬೇಕು. ಮಳೆಗಾಲದಲ್ಲಿ ಅಡಿಕೆ ಮರದ ಸಂಕವೇ ಗತಿ. ಕೆಳಗೆ ಕೆಂಪು ನೀರು ಭೋರ್ಗರೆಯುತ್ತಿದ್ದರೆ ನನ್ನ ಕಾಲು ನಡುಗುತ್ತಿತ್ತು. ಅವನು ನನ್ನ ಪಾಟೀಚೀಲವನ್ನು ಆಚೆ ದಡದಲ್ಲಿಟ್ಟು, ಮತ್ತೆ ಬಂದು ಕೈ ಹಿಡಿಯುತ್ತಿದ್ದ. “ನೀರು ನೋಡಬೇಡ, ನನ್ನ ಬೆನ್ನು ನೋಡು” ಎನ್ನುತ್ತಿದ್ದ. ಅವನ ಕಂಬಳಿಕೊಪ್ಪೆಯೊಳಗೆ ಇಬ್ಬರೂ ತೂರಿಕೊಂಡು ಶಾಲೆ ಸೇರುತ್ತಿದ್ದೆವು.

ಮುಂದೆ ನಾನು ಪೇಟೆಯ ಹೈಸ್ಕೂಲಿಗೆ ಹೋದೆ. ಅವನು ಓದು ಬಿಟ್ಟು ದನ ಕಾಯಲು ನಿಂತ. ಆ ವರ್ಷವೇ ಅವನದೊಂದು ಕಾರ್ಡು ಬಂತು. ಕಾಗುಣಿತ ತಪ್ಪಿದ ನಾಲ್ಕು ಸಾಲು. ಹಾಸ್ಟೆಲಿನ ಹುಡುಗರು ಓದಿ ನಕ್ಕರು. ನಾನೂ ನಕ್ಕೆ. ಉತ್ತರ ಬರೆಯಲಿಲ್ಲ. ಆಮೇಲೆ ನಮ್ಮ ಮನೆಯವರೂ ಪೇಟೆ ಸೇರಿದರು. ಊರಿನ ದಾರಿಯೇ ತಪ್ಪಿತು.

1688ರಲ್ಲಿ ಸ್ವಿಟ್ಜರ್ಲೆಂಡಿನ ಯೊಹಾನೆಸ್ ಹೋಫರ್ ಎಂಬ ವೈದ್ಯ, ಊರನ್ನು ನೆನೆದು ಕೊರಗುವುದನ್ನು ಒಂದು ಕಾಯಿಲೆ ಎಂದು ಗುರುತಿಸಿ ‘ನಾಸ್ಟಾಲ್ಜಿಯ’ ಎಂದು ಹೆಸರಿಟ್ಟ. ಇಷ್ಟು ವರ್ಷ ನನಗಿದ್ದದ್ದೂ ಅದೇ ಇರಬೇಕು. ನೆನೆಯುತ್ತಿದ್ದೆ, ಕಣ್ಣೊರೆಸಿಕೊಳ್ಳುತ್ತಿದ್ದೆ, ಸುಮ್ಮನಾಗುತ್ತಿದ್ದೆ. ನಮ್ಮ ಕುಚೇಲ ಹಾಗೆ ಮಾಡಲಿಲ್ಲ. ಹೆಂಡತಿ ಹೇಳಿದ ಮೇಲಾದರೂ ಹಿಡಿ ಅವಲಕ್ಕಿ ಕಟ್ಟಿಕೊಂಡು ಗೆಳೆಯನ ಮನೆಗೆ ಹೊರಟ.

ನನಗೆ ಹೇಳಿದವಳು ಮೊಮ್ಮಗಳು. “ಈಗ ಬರೆದರೆ ಆಗಲ್ವಾ, ಅಜ್ಜ?”

ಅಂಚೆ ಕಚೇರಿಗೆ ಹೋಗಿ 50 ಪೈಸೆಯ ಕಾರ್ಡು ತಂದಳು. ನಮ್ಮ ದೇಶದಲ್ಲಿ 1879ರಿಂದ ಇರುವ ಈ ಕಾರ್ಡನ್ನು ಅವಳು ಕೈಯಲ್ಲಿ ಹಿಡಿದದ್ದು ಅದೇ ಮೊದಲು! “ನಿನ್ನ ಕಾರ್ಡಿಗೆ ಉತ್ತರ ತಡವಾಯಿತು, ಕ್ಷಮಿಸು” ಎಂದು ಶುರು ಮಾಡಿದೆ. ಅವನ ಹೆಸರು, ಮನೆತನ, ಊರು ಬರೆದು ಡಬ್ಬಿಗೆ ಹಾಕಿದೆವು.

ಹನ್ನೆರಡನೇ ದಿನ ಉತ್ತರ ಬಂತು. ಮುದ್ದಾದ ಎಳೆ ಅಕ್ಷರ. “ಅಜ್ಜನಿಗೆ ಕಣ್ಣು ಮಂಜಾಗಿದೆ. ಅವರು ಹೇಳಿದ್ದನ್ನು ನಾನು ಬರೆಯುತ್ತಿದ್ದೇನೆ. ಸಂಕ ಇದ್ದಲ್ಲಿ ಈಗ ಸೇತುವೆ ಆಗಿದೆ. ಹೆದರಬೇಡ, ಬಾ.”

ಮಕ್ಕಳೇ, ನಿಮ್ಮ ಮನೆಯ ಹಳೆಯ ಫೋಟೊ ತೆಗೆದು ‘ಇವರು ಯಾರು’ ಎಂದು ಅಜ್ಜ ಅಜ್ಜಿಯರನ್ನು ಕೇಳಿ. ಅವರು ಸುಮ್ಮನಾದರೆ ಒಂದು ಕಾರ್ಡು ತಂದುಕೊಡಿ.

ನಾನು ಮುಂದಿನ ವಾರ ಊರಿಗೆ ಹೊರಟಿದ್ದೇನೆ. ಈ ಸಲ ಅವನ ಕೈಯನ್ನು ನಾನು ಹಿಡಿಯಬೇಕು.