ಒಂದು ಮನೆ, ನಾಲ್ಕು ಸಹಿ

ಓದಲು ಹೊರಟ ಮಕ್ಕಳು ಸ್ನೇಹಿತರೊಡನೆ ಮನೆ ಹಿಡಿದಾಗ ಬಾಡಿಗೆ ಯಾರದು, ರಿಪೇರಿ ಯಾರದು, ಮುಂಗಡ ಹಣದ ಗತಿ ಏನು? ಕರಾರುಪತ್ರಕ್ಕೆ ಸಹಿ ಹಾಕುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳು.

ಸಿಇಟಿ ಸೀಟು ಹಂಚಿಕೆ ಮುಗಿದು ಕಾಲೇಜಿನ ಶುಲ್ಕ ಕಟ್ಟಿದ ಮೇಲೆ ತಂದೆ-ತಾಯಿಯರಿಗೆ ಎದುರಾಗುವ ಮುಂದಿನ ಚಿಂತೆ ವಸತಿಯದು. ಹಾಸ್ಟೆಲಿನಲ್ಲಿ ಜಾಗ ಸಿಕ್ಕರೆ ಸರಿ. ಸಿಗದವರು ಪೇಯಿಂಗ್ ಗೆಸ್ಟ್ ಆಗಿ ಸೇರುತ್ತಾರೆ, ಇಲ್ಲವೇ ಮೂರ್ನಾಲ್ಕು ಜನ ಸ್ನೇಹಿತರು ಕೂಡಿ ಒಂದು ಮನೆ ಹಿಡಿಯುತ್ತಾರೆ. ಧಾರವಾಡದ ಸಪ್ತಾಪುರ, ಮೈಸೂರಿನ ಸರಸ್ವತಿಪುರಂ, ಬೆಂಗಳೂರಿನ ವಿಜಯನಗರದಂಥ ಬಡಾವಣೆಗಳಲ್ಲಿ ಇದು ವರ್ಷವರ್ಷದ ನೋಟ.

ಕೂಡಿ ಇರುವುದರಲ್ಲಿ ಲಾಭ ಉಂಟು. ಬಾಡಿಗೆ ಹಂಚಿಹೋಗುತ್ತದೆ. ನಾಲಿಗೆಗೆ ಒಗ್ಗಿದ ಅಡುಗೆ ಮಾಡಿಕೊಳ್ಳಬಹುದು. ಜ್ವರ ಬಂದರೆ ಗಂಜಿ ಕಾಯಿಸಿಕೊಡಲು ಒಬ್ಬರಾದರೂ ಇರುತ್ತಾರೆ. ಆದರೆ ಮನೆ ಬಿಡುವ ಹೊತ್ತಿಗೆ ಮಾಲೀಕರೊಡನೆ ಜಗಳ, ಸ್ನೇಹಿತರ ನಡುವೆ ಮನಸ್ತಾಪ ಎರಡೂ ಆಗುವುದುಂಟು. ಇವುಗಳ ಮೂಲ ಹುಡುಕಿದರೆ, ಮೊದಲ ದಿನ ಸಂಕೋಚಪಟ್ಟು ಬಾಯಿಬಿಡದೆ, ಬರೆದಿಡದೆ ಬಿಟ್ಟ ಯಾವುದೋ ಒಂದು ವಿಷಯ ಸಿಗುತ್ತದೆ.

ಒಬ್ಬ ಬಿಟ್ಟುಹೋದರೆ?

ತಿಂಗಳಿಗೆ 16,000 ರೂಪಾಯಿ ಬಾಡಿಗೆಯ ಮನೆಯನ್ನು ನಾಲ್ವರು ಹಿಡಿದಿದ್ದಾರೆ ಎಂದಿಟ್ಟುಕೊಳ್ಳಿ. ತಲೆಗೆ 4,000 ರೂಪಾಯಿ. ಮೂರನೇ ತಿಂಗಳಿಗೆ ಒಬ್ಬ ಬೇರೆ ಕಾಲೇಜಿಗೆ ಹೊರಟುಹೋದ. ಮಾಲೀಕರು ಉಳಿದ ಮೂವರಿಂದ ಪೂರ್ತಿ 16,000 ಕೇಳಿದರು. ‘ನಮ್ಮ ಪಾಲು ನಾವು ಕೊಟ್ಟಿದ್ದೇವೆ, ಅವನದನ್ನು ಅವನ ಹತ್ತಿರ ಕೇಳಿ’ ಎಂದು ಮೂವರೂ ಹೇಳಬಹುದೇ?

ಹೇಳುವಂತಿಲ್ಲ. ಹಲವರು ಸೇರಿ ಒಂದೇ ಕರಾರಿಗೆ ಸಹಿ ಹಾಕಿದಾಗ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಅವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಹಣ ವಸೂಲು ಮಾಡಬಹುದು ಎನ್ನುತ್ತದೆ 1872ರ ಭಾರತೀಯ ಒಪ್ಪಂದ ಕಾಯ್ದೆಯ 43ನೇ ಕಲಂ. ಹೆಚ್ಚಿಗೆ ಕೊಟ್ಟವರು ಉಳಿದವರಿಂದ ಅವರವರ ಪಾಲನ್ನು ಕೇಳಿ ಪಡೆಯಬಹುದು. ಆದರೆ ಅದು ಸ್ನೇಹಿತರ ನಡುವಿನ ಲೆಕ್ಕ, ಮಾಲೀಕರಿಗೆ ಸಂಬಂಧಿಸಿದ್ದಲ್ಲ. ನಾಲ್ವರ ಪರವಾಗಿ ಒಬ್ಬನೇ ಸಹಿ ಹಾಕಿದ್ದರಂತೂ ಇಡೀ ಮನೆಯ ಭಾರ ಅವನ ತಲೆಯ ಮೇಲೆ. ಉಳಿದ ಮೂವರು ಯಾವ ಕಾಗದದಲ್ಲೂ ಇಲ್ಲ. ಆದ್ದರಿಂದ ಮನೆಯಲ್ಲಿ ಇರುವವರೆಲ್ಲರ ಹೆಸರೂ ಕರಾರಿನಲ್ಲಿರಲಿ. ಸಾಧ್ಯವಾದರೆ ಪ್ರತಿಯೊಬ್ಬರ ಹೊಣೆ ಅವರ ಪಾಲಿಗಷ್ಟೇ ಸೀಮಿತ ಎಂಬ ಸಾಲನ್ನೂ ಮಾಲೀಕರ ಒಪ್ಪಿಗೆ ಪಡೆದು ಸೇರಿಸಿ.

ತಂದೆ-ತಾಯಿಯರು ಗಮನಿಸಬೇಕಾದ ಎರಡು ಅಂಶಗಳಿವೆ. ಹದಿನೆಂಟು ತುಂಬದವರು ಮಾಡಿಕೊಂಡ ಕರಾರಿಗೆ ಕಾನೂನಿನ ಬಲವಿಲ್ಲ. ಪಿಯುಸಿ ಓದುವ ಮಗನಿಗೋ ಮಗಳಿಗೋ ಮನೆ ಮಾಡಿಕೊಡುವಾಗ ಪೋಷಕರೇ ಸಹಿ ಹಾಕಬೇಕಾಗುತ್ತದೆ. ಆಗ ಬಾಡಿಗೆದಾರರು ಅವರೇ. ಇನ್ನು, ಮಕ್ಕಳು ಸಹಿ ಹಾಕಿದ ಕರಾರಿಗೆ ಜಾಮೀನುದಾರರಾಗಿ ನಿಂತರೆ ಮೂಲ ಸಾಲಗಾರನಷ್ಟೇ ಹೊಣೆ ಜಾಮೀನುದಾರನದೂ ಆಗುತ್ತದೆ. ‘ಸುಮ್ಮನೆ ಒಂದು ಸಹಿ’ ಎಂದು ಯಾರಾದರೂ ಕಾಗದ ಮುಂದಿಟ್ಟರೆ ಓದಿಯೇ ಸಹಿ ಹಾಕಿ.

ಹನ್ನೊಂದು ತಿಂಗಳ ಗುಟ್ಟು

ಬಾಡಿಗೆ ಕರಾರುಗಳೆಲ್ಲ ಹನ್ನೊಂದು ತಿಂಗಳಿಗೇ ಏಕೆ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದು ಬೆಳೆದು ಬಂದ ರೂಢಿ ಇದು.

ಕರ್ನಾಟಕದಲ್ಲಿ 1999ರ ಬಾಡಿಗೆ ಕಾಯ್ದೆಯೂ ಇದೆ. ಆದರೆ ಅದನ್ನು ರೂಪಿಸಿದ್ದು ಕಡಿಮೆ ಬಾಡಿಗೆಯ ಮನೆಗಳಿಗಾಗಿ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಎಂಬ ಮಿತಿಯನ್ನು ಅದರಲ್ಲಿ ಇಡಲಾಗಿತ್ತು. ಅದಕ್ಕಿಂತ ಹೆಚ್ಚಿನ ಬಾಡಿಗೆಯ ಮನೆಗಳಿಗೆ 1882ರ ಹಳೆಯ ಕಾಯ್ದೆಯೇ ಆಧಾರ. ಅದು ಮಾಲೀಕರ ಮತ್ತು ಬಾಡಿಗೆದಾರರ ಹೊಣೆಗಳನ್ನು ಪಟ್ಟಿ ಮಾಡುವ ಮುನ್ನವೇ ಒಂದು ಮಾತು ಹೇಳುತ್ತದೆ: ಇವೆಲ್ಲ ಅನ್ವಯಿಸುವುದು ಕರಾರಿನಲ್ಲಿ ಅಥವಾ ಆ ಊರಿನ ರೂಢಿಯಲ್ಲಿ ಬೇರೆ ರೀತಿ ಇಲ್ಲದಿದ್ದಾಗ ಮಾತ್ರ. ಎಂದರೆ, ನೀವು ಸಹಿ ಹಾಕಿದ ಕಾಗದಕ್ಕೇ ಮೊದಲ ಮಣೆ.

ನಲ್ಲಿ ಸೋರಿದರೆ ಯಾರ ಖರ್ಚು?

ರಿಪೇರಿಯೆಲ್ಲ ಮಾಲೀಕರದೇ ಎಂದು ನಂಬಿದವರು ಬಹಳ. 1882ರ ಕಾಯ್ದೆ ಹಾಗೆಂದು ಎಲ್ಲೂ ಹೇಳಿಲ್ಲ. ಮನೆಯಲ್ಲಿ ಕಣ್ಣಿಗೆ ಬೀಳದ ದೊಡ್ಡ ದೋಷವಿದ್ದು ಅದು ತಮಗೆ ಗೊತ್ತಿದ್ದರೆ ಮಾಲೀಕರು ಮೊದಲೇ ತಿಳಿಸಬೇಕು. ಬಾಡಿಗೆ ಸಲ್ಲಿಸಿಕೊಂಡು ಷರತ್ತಿನಂತೆ ಇರುವವರಿಗೆ ತೊಂದರೆ ಕೊಡಬಾರದು. ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ ಬಾಡಿಗೆದಾರರು ತಾವೇ ಮಾಡಿಸಿ, ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ‘ಮಾಡಿಸಲೇಬೇಕಾದ’ ರಿಪೇರಿ ಯಾವುದು ಎಂಬುದನ್ನು ಕರಾರಿನಲ್ಲಿ ಬರೆಸಿಕೊಂಡಿರಬೇಕು.

ಹೇಗೆ ಬರೆಯುವುದು? ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಒಂದು ಒಳ್ಳೆಯ ಪಟ್ಟಿ ಇದೆ. ಗೋಡೆ, ತಾರಸಿಯಂಥ ಕಟ್ಟಡದ ದುರಸ್ತಿ, ಸುಣ್ಣಬಣ್ಣ, ನೀರಿನ ಕೊಳವೆ, ವಿದ್ಯುತ್ ವೈರಿಂಗ್ ಇವು ಮಾಲೀಕರ ಪಾಲು. ನಲ್ಲಿ ಮತ್ತು ಅದರ ವಾಷರು, ಮೋರಿ ಕಟ್ಟಿಕೊಂಡರೆ ತೆಗೆಸುವುದು, ಸ್ವಿಚ್ಚು, ಗೀಸರು, ಬಾಗಿಲಿನ ಬೀಗ, ಒಡೆದ ಕಿಟಕಿ ಗಾಜು ಇವು ಬಾಡಿಗೆದಾರರ ಪಾಲು. ಇದು ಮಾದರಿ ಮಾತ್ರ. ರಾಜ್ಯದ ಶಾಸನಸಭೆ ಅಂಗೀಕರಿಸಿದರಷ್ಟೇ ಕಾನೂನಾಗುತ್ತದೆ. ಆದರೂ ನಿಮ್ಮ ಕರಾರಿಗೆ ಈ ಪಟ್ಟಿಯನ್ನು ಅಂಟಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ನೀರಿನ ಮಾತನ್ನೂ ಸೇರಿಸಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರ್ ನೀರಿನ ಹಣ ಯಾರು ಕೊಡಬೇಕೆಂಬುದು ಮನೆಮನೆಯ ಪ್ರಶ್ನೆಯಾಗಿತ್ತು.

ಮುಂಗಡ ಹಣ ಎಂಬ ಗಂಟು

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಹಳೆಯದು. ಮೇಲಿನ ಲೆಕ್ಕದಲ್ಲಿ ಅದು 1,60,000 ರೂಪಾಯಿ, ತಲೆಗೆ 40,000. ಮಾದರಿ ಕಾಯ್ದೆ ಎರಡು ತಿಂಗಳ ಬಾಡಿಗೆ ಸಾಕು ಎನ್ನುತ್ತದೆ. ಚೌಕಾಸಿ ಮಾಡುವಾಗ ಈ ಅಂಶ ನೆನಪಿರಲಿ.

ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸಬೇಕಾದ್ದು ಬಾಡಿಗೆದಾರರ ಕರ್ತವ್ಯ. ಸಹಜ ಸವೆತಕ್ಕೆ ಮಾತ್ರ ವಿನಾಯಿತಿ. ವರ್ಷವೊಂದರಲ್ಲಿ ಬಣ್ಣ ಮಾಸಿದರೆ ಸಹಜ ಸವೆತ. ಗೋಡೆಗೆ ಹತ್ತು ಮೊಳೆ ಹೊಡೆದರೆ, ಬಚ್ಚಲ ಬೇಸಿನ್ ಒಡೆದರೆ ಅದು ಸವೆತವಲ್ಲ. ಹಾಗೆಯೇ, ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಸುಣ್ಣಬಣ್ಣಕ್ಕೆ ಮುರಿದುಕೊಳ್ಳಲಾಗುವುದು ಎಂದು ಕರಾರಿನಲ್ಲಿದ್ದರೆ ಆಮೇಲೆ ಗೊಣಗಿ ಫಲವಿಲ್ಲ.

ಸಾಮಾನು ಇಳಿಸುವ ಮುನ್ನವೇ ಬಿರುಕು, ಕಲೆ, ಕೆಟ್ಟ ಸ್ವಿಚ್ಚು, ಫ್ಯಾನುಗಳ ಸಂಖ್ಯೆ, ಮೀಟರಿನ ಅಂಕಿ ಎಲ್ಲವನ್ನೂ ಬರೆದು ಫೋಟೋ ತೆಗೆದು ಮಾಲೀಕರ ಸಹಿ ಪಡೆಯಿರಿ. ಈ ಪಟ್ಟಿ ಅವರಿಗೂ ರಕ್ಷಣೆಯೇ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಕೈಯಲ್ಲಿ ಕೊಟ್ಟರೆ ರಸೀದಿ ಕೇಳಿ.

ಮಾಲೀಕರ ಮಾತೂ ಇದೆ

ವಿದ್ಯಾರ್ಥಿಗಳಿಗೆ ಮನೆ ಕೊಡುವುದಿಲ್ಲ ಎನ್ನುವವರನ್ನು ಬೈಯುವುದು ಸುಲಭ. ಮೇಲಿನ ಮಹಡಿಯಲ್ಲಿ ಹುಡುಗರು, ಕೆಳಗೆ ನಿವೃತ್ತ ದಂಪತಿ ಇರುವ ಮನೆಯಲ್ಲಿ ರಾತ್ರಿ ಹನ್ನೆರಡಕ್ಕೆ ಕುರ್ಚಿ ಎಳೆದ ಸದ್ದು ಕೆಳಗಿನವರ ನಿದ್ದೆ ಕೆಡಿಸುತ್ತದೆ. ನಾಲ್ವರಿಗೆಂದು ಕೊಟ್ಟ ಮನೆಯಲ್ಲಿ ಏಳು ಜನ ಮಲಗಿದರೆ ಸಂಪಿನ ನೀರು ಮಧ್ಯಾಹ್ನಕ್ಕೇ ತಳ ಕಾಣುತ್ತದೆ. ಬಾಡಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಡುವುದು, ಕೇಳದೆ ಗೋಡೆ ಒಡೆಯದಿರುವುದು, ಯುಕ್ತ ಸಮಯದಲ್ಲಿ ಮನೆ ನೋಡಲು ಬಂದರೆ ಒಳಗೆ ಬಿಡುವುದು ಇವೆಲ್ಲ ಬಾಡಿಗೆದಾರರ ಹೊಣೆ.

ಆದರೆ ‘ನನ್ನ ಮನೆ’ ಎಂದು ಮಾಲೀಕರು ಯಾವಾಗ ಬೇಕಾದರೂ ಬೀಗ ತೆಗೆದು ಒಳಬರುವಂತಿಲ್ಲ. ತಿಂಗಳ ಬಾಡಿಗೆಯ ಮನೆ ಬಿಡಿಸಲು, ಕರಾರಿನಲ್ಲಿ ಬೇರೆ ಅವಧಿ ಇಲ್ಲದಿದ್ದರೆ, 15 ದಿನಗಳ ಲಿಖಿತ ನೋಟಿಸು ಬೇಕು. ಆಗಲೂ ಬಿಡದವರನ್ನು ಬಿಡಿಸಲು ನ್ಯಾಯಾಲಯವಿದೆ. ಸಾಮಾನು ಹೊರಗೆಸೆದು ಬೀಗ ಜಡಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಅವಕಾಶ ಕೊಡುತ್ತದೆ.

ಸ್ನೇಹಿತರ ನಡುವೆ ಇನ್ನೊಂದು ಕಾಗದ

ಮಾಲೀಕರೊಡನೆ ಬರೆದುಕೊಂಡಂತೆ ಸ್ನೇಹಿತರೂ ತಮ್ಮೊಳಗೆ ಒಂದು ಪುಟ ಬರೆದುಕೊಳ್ಳಲಿ. ಮುಂಗಡದಲ್ಲಿ ಯಾರ ಹಣ ಎಷ್ಟು? ನಡುವೆ ಬಿಡುವವರು ಎಷ್ಟು ದಿನ ಮೊದಲು ಹೇಳಬೇಕು? ಬದಲಿಗೆ ಬರುವವರನ್ನು ಹುಡುಕುವ ಹೊಣೆ ಯಾರದು? ಕರೆಂಟು ಬಿಲ್ಲು, ಗ್ಯಾಸು, ಹಾಲಿನ ಲೆಕ್ಕ ಯಾರು ಇಡಬೇಕು? ನಡುವೆ ಬಿಟ್ಟವನಿಗೆ ಅವನ 40,000 ರೂಪಾಯಿಯನ್ನು ಮಾಲೀಕರು ಬಿಡಿಸಿ ಕೊಡುವುದು ಅಪರೂಪ. ಸಾಮಾನ್ಯವಾಗಿ ಹೊಸದಾಗಿ ಬಂದವನೇ ಕೊಡುತ್ತಾನೆ. ಆಗ ಮಾಲೀಕರ ಒಪ್ಪಿಗೆ ಪಡೆದು ಕರಾರಿನಲ್ಲೂ ಹೆಸರು ಬದಲಿಸಬೇಕು. ಇಲ್ಲವಾದರೆ ಬಿಟ್ಟುಹೋದವನ ಹೊಣೆ ತಪ್ಪುವುದಿಲ್ಲ, ಬಂದವನಿಗೆ ಹಕ್ಕು ಸಿಗುವುದಿಲ್ಲ.

ಸ್ನೇಹದಲ್ಲಿ ಲೆಕ್ಕವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ‘ಲೆಕ್ಕ ಲೆಕ್ಕವೇ, ನಂಟು ನಂಟೇ’ ಎಂದು ಬಾಳಿದ ಹಿರಿಯರಿಗೆ ಇದರ ಬೆಲೆ ಗೊತ್ತಿತ್ತು. ಪಠ್ಯಪುಸ್ತಕದಲ್ಲಿ ಇಲ್ಲದ ಈ ಪಾಠವನ್ನು ಹದಿನೆಂಟರ ವಯಸ್ಸಿನಲ್ಲೇ ಕಲಿತ ಮಕ್ಕಳು ಮುಂದೆ ಬಾಡಿಗೆದಾರರಾದರೂ, ಮಾಲೀಕರೇ ಆದರೂ ಕಾಗದ ಓದದೆ ಸಹಿ ಹಾಕಲಾರರು.